ನೈಟ್ ಡ್ಯೂಟಿ ಮುಗಿದ ಮೇಲಿನ ನಿದ್ದೆ: ಇಬ್ಬರು ಮಕ್ಕಳ ತಾಯಿ, ಒಬ್ಬ ನರ್ಸ್‌ನ ಪ್ರಕರಣ

ಈ ಪ್ರಕರಣದ ಸಿಸ್ಟರ್ ನನ್ನ ವಾರ್ಡಿನವರು. ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯ ಮೇಲ್ ಮೆಡಿಕಲ್ ವಾರ್ಡಿಗೆ ನಾನು ಇನ್‌ಚಾರ್ಜ್. ಡ್ಯೂಟಿ ಲಿಸ್ಟ್ ಬರೆಯುವುದು ನನ್ನ ಕೆಲಸ. ಹಾಗಾಗಿ ಇಲ್ಲಿ ನಡೆದ ತಪ್ಪಿನಲ್ಲಿ ನನ್ನ ಪಾಲೂ ಇದೆ. ಅದನ್ನೂ ಬರೆಯುತ್ತೇನೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಬರೆದದ್ದನ್ನು ಅವರಿಗೆ ಓದಲು ಕೊಟ್ಟೆ, ಗುರುತು ಸಿಗುವ ಒಂದೆರಡು ವಿವರ ಬದಲಿಸಿದೆ.

ಅವರಿಗೆ 31 ವರ್ಷ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಒಂಬತ್ತು ವರ್ಷದ ಅನುಭವ. ಕೈ ಚುರುಕು. ಸೂಜಿ ಹಾಕಲು ಸಿಗದ ವೇನ್ (ರಕ್ತನಾಳ) ಅವರಿಗೆ ಸಿಗುತ್ತದೆ ಅಂತ ಬೇರೆ ವಾರ್ಡಿನವರೂ ಕರೆದುಕೊಂಡು ಹೋಗುತ್ತಿದ್ದರು. ಮನೆ ನಂಜನಗೂಡಿನಲ್ಲಿ. ಗಂಡ ಅಲ್ಲಿನ ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸಗಾರ. ಒಂದನೇ ಕ್ಲಾಸಿಗೆ ಹೋಗುವ ಮಗ, ಹನ್ನೊಂದು ತಿಂಗಳ ಮಗಳು, ಮಂಡಿನೋವಿನ ಅತ್ತೆ. 26 ವಾರದ ಹೆರಿಗೆ ರಜೆ ಮುಗಿದು ಕೆಲಸಕ್ಕೆ ಬಂದು ಐದು ತಿಂಗಳಾಗಿತ್ತು.

ಬೆಳಿಗ್ಗೆ ಏಳು ಗಂಟೆ, ಇನ್ಸುಲಿನ್

ಸತತ ಆರು ನೈಟ್‌ಗಳಲ್ಲಿ ಅದು ಐದನೆಯದು. ತಿಂಡಿಗೆ ಮೊದಲಿನ ಇನ್ಸುಲಿನ್ ಹಾಕುವ ಹೊತ್ತು. ನಮ್ಮ ವಾರ್ಡಿನಲ್ಲಿ 40 ಐಯು ವೈಲ್, ಅಂದರೆ ಒಂದು ಮಿ.ಲೀ.ಗೆ 40 ಯೂನಿಟ್ ಇರುವ ಸೀಸೆ, ಅದಕ್ಕೆ ಹೊಂದುವ ಕೆಂಪು ಕ್ಯಾಪಿನ ಸಿರಿಂಜ್ ಬಳಸುತ್ತೇವೆ. ಒಬ್ಬ ರೋಗಿಯ ಮನೆಯವರು ಹೊರಗಿನಿಂದ ವೈಲ್ ತಂದುಕೊಟ್ಟಿದ್ದರು. ಅದು 100 ಐಯು. ಅದಕ್ಕೆ ಕಿತ್ತಳೆ ಕ್ಯಾಪಿನ ಸಿರಿಂಜೇ ಬೇಕು. ಡಾಕ್ಟರ್ ಬರೆದಿದ್ದು 12 ಯೂನಿಟ್. ಸಿಸ್ಟರ್ ಕೆಂಪು ಕ್ಯಾಪಿನ ಸಿರಿಂಜಿನಲ್ಲಿ 12ರ ಗೆರೆಯವರೆಗೆ ಎಳೆದಿದ್ದರು. ಗೆರೆ ಸರಿಯಾಗಿತ್ತು, ಆದರೆ ಒಳಗಿದ್ದ ಔಷಧಿ 30 ಯೂನಿಟ್. ಎರಡೂವರೆ ಪಟ್ಟು.

ಇನ್ಸುಲಿನ್ ಅನ್ನು ಇಬ್ಬರು ನೋಡಿಯೇ ಹಾಕಬೇಕು ಅನ್ನುವ ನಿಯಮ ಇದೆ. ಜೊತೆಗಿದ್ದ ಚಿಕ್ಕ ಹುಡುಗಿ ವೈಲ್ ತಿರುಗಿಸಿ ನೋಡಿ, "ಅಕ್ಕ, ಇದು ನೂರರದ್ದು" ಅಂದಳು. ರೋಗಿಗೆ ಏನೂ ಆಗಲಿಲ್ಲ. ಸಿರಿಂಜ್ ಬಿಸಾಡಿ, ಹೊಸದರಲ್ಲಿ ಎಳೆದು ಹಾಕಿದರು. ಆಮೇಲೆ ಈ ಸಿಸ್ಟರ್ ಡ್ರೆಸ್ಸಿಂಗ್ ರೂಮಿಗೆ ಹೋಗಿ ಗೋಡೆಗೆ ಒರಗಿ ನಿಂತಿದ್ದರಂತೆ. ಅಳುತ್ತಿರಲಿಲ್ಲ. ಸುಮ್ನೆ ನಿಂತಿದ್ದರು. ನಾನು ಎಂಟಕ್ಕೆ ಬಂದಾಗ ಅವರೇ ಬಂದು ಹೇಳಿದರು. ಯಾರೂ ಹೇಳಿಸಲಿಲ್ಲ.

ಆಫೀಸಿನಿಂದ ಕಾರಣ ಕೇಳಿ ಮೆಮೊ ಬಂತು. ಇನ್‌ಚಾರ್ಜ್ ಆಗಿ ನಾನು ಅದಕ್ಕೆ ಸಹಿ ಹಾಕಿ ಅವರ ಕೈಗೆ ಕೊಡಬೇಕಿತ್ತು. ಕೊಟ್ಟೆ. ಅವರು ಓದಿ, ಮಡಚಿ ಜೇಬಿಗಿಟ್ಟುಕೊಂಡು, "ಮೇಡಂ, ನಾನು ಈ ಕೆಲಸ ಬಿಡ್ತೀನಿ. ನಂಗೆ ಈಗ ಪೇಷೆಂಟ್ ಅಂದ್ರೆ ಏನೂ ಅನ್ಸಲ್ಲ. ಮನೇಲಿ ಮಗು ಅತ್ರೂ ಅಷ್ಟೇ" ಅಂದರು. ಒಂಬತ್ತು ವರ್ಷ ಕೆಲಸ ಮಾಡಿದವರ ಬಾಯಲ್ಲಿ ಈ ಮಾತು ಕೇಳಿ ನನಗೆ ಹೆದರಿಕೆಯಾಯಿತು.

ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಹೇಳಿದರು. "ಬಸ್ ಎಲ್ಲಾದ್ರೂ ಗುದ್ದಿ ಸಣ್ಣದಾಗಿ ಪೆಟ್ಟಾದ್ರೆ, ಎರಡು ದಿನ ಅಡ್ಮಿಟ್ ಆಗಿ ಮಲಗಬಹುದಲ್ವಾ ಅನ್ಸುತ್ತೆ." ಇಂಥ ಮಾತನ್ನು ನಗುತ್ತಾ ಹೇಳುತ್ತಾರೆ, ಕೇಳಿದವರೂ ನಕ್ಕು ಬಿಡುತ್ತಾರೆ. ನಾನು ನಗಲಿಲ್ಲ. "ಸಾಯಬೇಕು ಅನ್ನಿಸುತ್ತಾ?" ಅಂತ ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದ ಹಾಗಾಗುತ್ತದೆ ಅನ್ನುವುದು ತಪ್ಪು ತಿಳುವಳಿಕೆ. ಅವರು ನನ್ನ ಮುಖ ನೋಡಿ, "ಇಲ್ಲ ಮೇಡಂ. ಮಲಗಬೇಕು ಅಷ್ಟೇ" ಅಂದರು. ಆಗ ಅತ್ತರು. ಆದರೂ ಅದೇ ವಾರ ಡಾಕ್ಟರಿಗೆ ತೋರಿಸಲೇಬೇಕು ಅಂದೆ. 14416 ನಂಬರನ್ನೂ ಅವರ ಫೋನಿನಲ್ಲಿ ಹಾಕಿಕೊಟ್ಟೆ. ಅದು ಟೆಲಿ ಮಾನಸ್ ಸಹಾಯವಾಣಿ, 2022ರಲ್ಲಿ ಶುರುವಾಗಿದ್ದು. ರಾತ್ರಿ ಎಷ್ಟು ಹೊತ್ತಿಗೆ ಬೇಕಾದರೂ ಕನ್ನಡದಲ್ಲಿ ಮಾತಾಡಬಹುದು, ಹಣ ಕೊಡಬೇಕಿಲ್ಲ.

ನಮ್ಮದೇ ಚಾರ್ಟ್, ಅವರದೇ ಹೆಸರು

ಮೇಜಿನ ಮೇಲೆ ಖಾಲಿ ಇನ್‌ಟೇಕ್ ಔಟ್‌ಪುಟ್ ಚಾರ್ಟ್ ಇತ್ತು. ರೋಗಿಯ ಮೈಗೆ ಎಷ್ಟು ನೀರು ಹೋಯಿತು, ಎಷ್ಟು ಮೂತ್ರ ಬಂತು ಅಂತ ಬರೆಯುವ ಹಾಳೆ ಅದು. ಒಂದು ಹಾಳೆ ಎಳೆದುಕೊಂಡು, ರೋಗಿಯ ಹೆಸರಿನ ಜಾಗದಲ್ಲಿ ಅವರ ಹೆಸರು ಬರೆದೆ. ಕಳೆದ ಐದು ರಾತ್ರಿ, ಐದು ಹಗಲುಗಳನ್ನು ಇಬ್ಬರೂ ಕೂತು ತುಂಬಿಸಿದೆವು. ನೆನಪಾಗದ ಕಡೆ ಫೋನಿನ ಕರೆಗಳ ಪಟ್ಟಿ ನೋಡಿದೆವು. ಪರ್ಸಿನಲ್ಲಿ ಶಕ್ತಿ ಯೋಜನೆಯ ಸೊನ್ನೆ ದರದ ಬಸ್ ಟಿಕೆಟ್‌ಗಳು ಮುದುಡಿಕೊಂಡು ಬಿದ್ದಿದ್ದವು. ಅದರಲ್ಲಿ ಹೊತ್ತು ಅಚ್ಚಾಗಿತ್ತು, ಅದೂ ಉಪಯೋಗಕ್ಕೆ ಬಂತು.

ಒಂದು ರಾತ್ರಿಯ ಲೆಕ್ಕ ಹೀಗಿತ್ತು. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಎರಡು ಟೀ, ಸುಮಾರು 300 ಮಿ.ಲೀ. ನೀರು. ಮನೆಯಿಂದ ತಂದ ಚಪಾತಿ ಹನ್ನೊಂದೂವರೆಗೆ, ಅದೂ ನಿಂತುಕೊಂಡೇ. ಮೂತ್ರಕ್ಕೆ ಹೋಗಿದ್ದು ಒಂದೇ ಸಲ. ಅವರ ತೂಕ 54 ಕೆ.ಜಿ. ಆ ತೂಕದ ರೋಗಿಗೆ ಗಂಟೆಗೆ 27 ಮಿ.ಲೀ.ಗಿಂತ ಕಡಿಮೆ ಮೂತ್ರ ಬಂದರೆ ನಾವು ಡಾಕ್ಟರಿಗೆ ಫೋನ್ ಮಾಡುತ್ತೇವೆ. "ಬೆಡ್ 9ರಲ್ಲಿ ಇವರಿದ್ದಿದ್ರೆ ಏನ್ಮಾಡ್ತಿದ್ರಿ?" ಅಂದೆ. "ಕಾಲ್ ಕೊಡ್ತಿದ್ದೆ" ಅಂದರು, ಮೆಲ್ಲಗೆ.

ನಿದ್ದೆಯ ಸಾಲು ಇನ್ನೂ ಕೆಟ್ಟದಾಗಿತ್ತು. 2 ಗಂಟೆ 40 ನಿಮಿಷ, 3 ಗಂಟೆ 10, ಬರೀ 2 ಗಂಟೆ, 3 ಗಂಟೆ 30, 2 ಗಂಟೆ 50. ದಿನಕ್ಕೆ ಸರಾಸರಿ ಮೂರು ಗಂಟೆಯೂ ಇಲ್ಲ. ಹೀಗೆ ಐದು ದಿನ. ಅವರ ಹಗಲು ಹೇಗಿತ್ತು ಅಂದರೆ, ಎಂಟಕ್ಕೆ ಮುಗಿಯಬೇಕಾದ ಡ್ಯೂಟಿ, ಮುಂದಿನವರಿಗೆ ರೋಗಿಗಳನ್ನು ಒಪ್ಪಿಸುವ ಹ್ಯಾಂಡೋವರ್ ಎಳೆದು ಎಂಟೂ ಮುಕ್ಕಾಲು. ಬಸ್ ಹಿಡಿದು ಮನೆ ಸೇರುವಾಗ ಹತ್ತೂಕಾಲು. ಸ್ನಾನ, ಮಗುವಿಗೆ ಹಾಲು, ಮಧ್ಯಾಹ್ನದ ಅಡುಗೆ. ಹನ್ನೆರಡಕ್ಕೆ ಮಲಗಿದರೆ ಮೂರಕ್ಕೆ ಮಗ ಶಾಲೆಯಿಂದ ಬರುತ್ತಾನೆ. ಆಮೇಲೆ ಹೋಂವರ್ಕ್, ಸಂಜೆ ಅಡುಗೆ, ಆರೂಕಾಲಿಗೆ ಮತ್ತೆ ಬಸ್. ಒಂದು ಬೆಳಿಗ್ಗೆ ಬಸ್ಸಿನಲ್ಲಿ ನಿದ್ದೆ ಹೋಗಿ ನಂಜನಗೂಡು ದಾಟಿದ್ದೇ ಗೊತ್ತಾಗದೆ ಬೇಗೂರಿನಲ್ಲಿ ಕಂಡಕ್ಟರ್ ಎಬ್ಬಿಸಿದ್ದರು. ಎರಡು ಗಂಟೆಯ ನಿದ್ದೆ ಅಂತ ಬರೆದಿದ್ದು ಆ ದಿನದ್ದೇ.

ಆ ಎರಡು ಗಂಟೆಯ ಮಧ್ಯೆ ಒಂದು ಫೋನ್ ಕರೆಯೂ ಇತ್ತು. 12.20ಕ್ಕೆ, ನಾಲ್ಕು ನಿಮಿಷ. ಅದು ನನ್ನ ನಂಬರ್. ಭಾನುವಾರ ಒಂದು ಎಕ್ಸ್‌ಟ್ರಾ ಡ್ಯೂಟಿಗೆ ಬರ್ತೀರಾ ಅಂತ ಕೇಳಲು ಮಾಡಿದ್ದೆ. ನನ್ನ ಕೈಯಿಂದಲೇ ಆ ಸಾಲನ್ನೂ ಚಾರ್ಟಿನಲ್ಲಿ ಬರೆದೆ.

ಬರ್ನ್‌ಔಟ್ ಅನ್ನುವ ಮಾತನ್ನು ಈಗ ಎಲ್ಲರೂ ಬಳಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ರೋಗಗಳನ್ನು ವಿಂಗಡಿಸುವ ತನ್ನ ಐಸಿಡಿ-11 ಪಟ್ಟಿಯಲ್ಲಿ ಇದನ್ನು ರೋಗ ಅಂತ ಸೇರಿಸಿಲ್ಲ. ಕೆಲಸದ ಒತ್ತಡ ಬಹಳ ದಿನ ಹಾಗೇ ಉಳಿದು, ಅದನ್ನು ಸರಿಪಡಿಸದೆ ಹೋದಾಗ ಆಗುವ ಸ್ಥಿತಿ ಅಂತ ಹೇಳಿದೆ. ಮೂರು ಗುರುತು: ಶಕ್ತಿಯೆಲ್ಲ ಸೋರಿಹೋದ ಸುಸ್ತು, ಕೆಲಸದಿಂದ ಮನಸ್ಸು ದೂರ ಸರಿಯುವುದು, ನನ್ನ ಕೈಲಿ ಏನೂ ಸರಿಯಾಗಿ ಆಗಲ್ಲ ಅನ್ನುವ ಭಾವನೆ. ಮೂರೂ ನನ್ನ ಎದುರಿನ ಕುರ್ಚಿಯಲ್ಲಿ ಕೂತಿದ್ದವು. ಕಾರಣ ಕೆಲಸದಲ್ಲಿದೆ ಅಂತ ಆ ಸಂಸ್ಥೆಯೇ ಹೇಳುವಾಗ, ಮದ್ದನ್ನು ಮಾತ್ರ ಆ ಹೆಣ್ಣುಮಗಳೇ ಹುಡುಕಿಕೊಳ್ಳಲಿ ಅನ್ನುವುದು ಯಾವ ನ್ಯಾಯ?

ಆದರೆ ನಾವು ಅಲ್ಲಿಯವರೆಗೆ ಮಾಡಿದ್ದು ಅದನ್ನೇ. ಮೇ 12, ದಾದಿಯರ ದಿನಕ್ಕೆ ಹೂವು ಕೊಟ್ಟು, ಮಧ್ಯಾಹ್ನ ಮೂರಕ್ಕೆ ಧ್ಯಾನ ಮತ್ತು ಒತ್ತಡ ನಿರ್ವಹಣೆಯ ಕ್ಲಾಸ್ ಇಟ್ಟಿದ್ದೆವು. ಎಲ್ಲರೂ ಬರಬೇಕು ಅಂತ ಸುತ್ತೋಲೆ. ನೈಟ್ ಮುಗಿಸಿದವರೂ ನಿದ್ದೆ ಬಿಟ್ಟು ಬಂದಿದ್ದರು. ಧ್ಯಾನ ಒಳ್ಳೆಯದೇ. ನಿದ್ದೆ ಇಲ್ಲದ ಮೈಗೆ ಮೊದಲು ಬೇಕಾಗಿದ್ದು ನಿದ್ದೆ.

ಮೊದಲು ರಕ್ತ

ಡಾಕ್ಟರ್ ಮಾಡಿಸಿದ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8.9 ಬಂತು. ಹೆಂಗಸರಿಗೆ 12 ಇರಬೇಕು. ಥೈರಾಯಿಡ್ ಸರಿಯಾಗಿತ್ತು. ಖಿನ್ನತೆಯ ಪ್ರಶ್ನೆಗಳನ್ನೂ ಕೇಳಿದರು. ಹೆರಿಗೆಯಾದ ಮೊದಲ ವರ್ಷದಲ್ಲಿ ಇದನ್ನು ಕೇಳಲೇಬೇಕು. ಈಗ ಔಷಧಿ ಬೇಡ, ಆದರೆ ರಜೆಯಲ್ಲಿ ಚೆನ್ನಾಗಿ ಮಲಗಿದ ಮೇಲೂ ಹೀಗೇ ಇದ್ದರೆ ತಿಂಗಳೊಳಗೆ ಮತ್ತೆ ಬನ್ನಿ ಅಂದರು.

ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 48 ಜನರಿಗೆ ರಕ್ತಹೀನತೆ ಇದೆ ಅಂತ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ದಿನಾ ಹತ್ತಾರು ಜನರ ರಿಪೋರ್ಟ್ ನೋಡುವ ಸಿಸ್ಟರ್ ತನ್ನ ರಕ್ತ ಕೊನೆಯ ಸಲ ಪರೀಕ್ಷೆ ಮಾಡಿಸಿದ್ದು ಹೆರಿಗೆಗೆ ಮುಂಚೆ. ಕಬ್ಬಿಣದ ಮಾತ್ರೆ ಶುರುವಾಯಿತು. ಅದನ್ನು ಟೀ, ಕಾಫಿ ಜೊತೆ ನುಂಗಬಾರದು ಅಂತ ರೋಗಿಗಳಿಗೆ ಹೇಳುವವರೂ ಅವರೇ. ಅದಕ್ಕೇ ಟೀ ಹೊತ್ತಿಗೂ ಮಾತ್ರೆಗೂ ಎರಡು ಗಂಟೆ ಅಂತರ ಇಟ್ಟರು.

ಡ್ಯೂಟಿ ಲಿಸ್ಟ್

ನಾನು ಲಿಸ್ಟ್ ಬರೆಯುತ್ತಿದ್ದ ರೀತಿ ಹಳೆಯದು. ಆರು ನೈಟ್, ಎರಡು ಆಫ್. ಶನಿವಾರ ಸಂಜೆ ಮುಂದಿನ ವಾರದ್ದು ಅಂಟಿಸುತ್ತಿದ್ದೆ. ಯಾರಿಗೆ ಯಾವ ಡ್ಯೂಟಿ ಅಂತ ಎರಡು ದಿನ ಮುಂಚೆ ಗೊತ್ತಾದರೆ, ಮಗುವನ್ನು ಯಾರು ನೋಡಿಕೊಳ್ಳಬೇಕು ಅಂತ ಮನೆಯವರು ಯಾವಾಗ ತೀರ್ಮಾನ ಮಾಡುವುದು? ನನಗಿದು ಇಷ್ಟು ವರ್ಷ ಹೊಳೆದಿರಲಿಲ್ಲ.

ಎದ್ದು ಕಂಡ ವಿಷಯ ಇನ್ನೊಂದು. ಅವರ ಗಂಡನ ಫ್ಯಾಕ್ಟರಿಯಲ್ಲಿ ಮೂರು ಶಿಫ್ಟ್. ಎ ಬೆಳಿಗ್ಗೆ ಆರರಿಂದ ಎರಡು, ಬಿ ಎರಡರಿಂದ ಹತ್ತು, ಸಿ ರಾತ್ರಿ ಹತ್ತರಿಂದ ಆರು. ವಾರಕ್ಕೊಮ್ಮೆ ಬದಲಾಗುತ್ತದೆ. ಇನ್ಸುಲಿನ್ ಘಟನೆ ನಡೆದ ವಾರ ಅವರದು ಸಿ ಶಿಫ್ಟ್. ಅಂದರೆ ರಾತ್ರಿ ಇಬ್ಬರೂ ಮನೆಯಲ್ಲಿಲ್ಲ, ಹಗಲು ಇಬ್ಬರೂ ನಿದ್ದೆಗಣ್ಣಲ್ಲಿ. ಅದೇ ಬಿ ಶಿಫ್ಟ್ ವಾರದಲ್ಲಿ ಇವರ ನೈಟ್ ಹಾಕಿದರೆ, ಗಂಡ ಮಧ್ಯಾಹ್ನ ಒಂದೂವರೆಯವರೆಗೆ ಮನೆಯಲ್ಲಿರುತ್ತಾರೆ. ಎರಡು ಕಾಗದ ಪಕ್ಕಪಕ್ಕ ಇಟ್ಟರೆ ಐದು ನಿಮಿಷದ ಕೆಲಸ. ಇದುವರೆಗೆ ಯಾರೂ ಇಟ್ಟಿರಲಿಲ್ಲ.

ನರ್ಸಿಂಗ್ ಸೂಪರಿಂಟೆಂಡೆಂಟ್ ಹತ್ತಿರ ಹೋಗಿ ಐದು ಬದಲಾವಣೆಗೆ ಒಪ್ಪಿಗೆ ಕೇಳಿದೆ. ಲಿಸ್ಟ್ ನಾಲ್ಕು ವಾರ ಮುಂಚೆ ಹಾಕುವುದು. ಸತತ ಮೂರಕ್ಕಿಂತ ಜಾಸ್ತಿ ನೈಟ್ ಬೇಡ. ರಾತ್ರಿ ಎಂಟಕ್ಕೆ ಮುಗಿಸಿದವರನ್ನು ಮರುದಿನ ಬೆಳಿಗ್ಗೆ ಎಂಟಕ್ಕೆ ಹಾಕುವುದು ಬೇಡ. ಹ್ಯಾಂಡೋವರ್ ಬೆಡ್ ಪಕ್ಕದಲ್ಲೇ, ಇಪ್ಪತ್ತು ನಿಮಿಷದಲ್ಲಿ ಮುಗಿಯಬೇಕು. ನೈಟ್ ಮುಗಿಸಿದವರಿಗೆ ಸಂಜೆ ಐದರವರೆಗೆ ವಾರ್ಡಿನಿಂದ ಯಾರೂ ಫೋನ್ ಮಾಡಬಾರದು. ಕೊನೆಯದಕ್ಕೆ ಮೊದಲ ಸಹಿ ನನ್ನದೇ.

ಆರನೆಯದಕ್ಕೆ ಸ್ವಲ್ಪ ಹೋರಾಡಬೇಕಾಯಿತು. ರಾತ್ರಿ ಎರಡರಿಂದ ನಾಲ್ಕರ ಮಧ್ಯೆ ಒಬ್ಬೊಬ್ಬರಾಗಿ ಇಪ್ಪತ್ತು ನಿಮಿಷ ಮಲಗುವುದು. "ಡ್ಯೂಟಿಯಲ್ಲಿ ಸಿಸ್ಟರ್ ಮಲಗಿದ್ರು ಅಂತ ಯಾರಾದ್ರೂ ಫೋಟೋ ತೆಗೆದ್ರೆ?" ಅಂತ ಸೂಪರಿಂಟೆಂಡೆಂಟ್ ಅವರಿಗೆ ಭಯ. ಅದು ಸುಳ್ಳು ಭಯವಲ್ಲ. ಕೊನೆಗೆ ಬಾಗಿಲಿರುವ ರೂಮು, ಅಲಾರಂ, ಪಕ್ಕದ ವಾರ್ಡಿನವರು ಆ ಹೊತ್ತು ನಮ್ಮ ಕಡೆ ಬಂದು ನಿಲ್ಲುವುದು, ಇದನ್ನೆಲ್ಲ ಲಿಖಿತವಾಗಿ ಕೊಟ್ಟರು. ಬರಹದಲ್ಲಿ ಇಲ್ಲದಿದ್ದರೆ ಯಾವ ನರ್ಸೂ ಮಲಗುವುದಿಲ್ಲ.

ಇದಕ್ಕೆ ವಾರ್ಡಿನಲ್ಲೇ ಬೇಸರವೂ ಬಂತು. "ಮಕ್ಕಳಿದ್ದವರಿಗೆ ಮೂರು ನೈಟ್, ಮದುವೆ ಆಗದ ನಾವು ಏನು ಪಾಪ ಮಾಡಿದ್ವಿ?" ಅಂತ ಒಬ್ಬರು ಕೇಳಿದರು. ಸರಿಯಾದ ಪ್ರಶ್ನೆ. ಆ ಹುಡುಗಿ ತಮ್ಮನ ಡಿಪ್ಲೊಮಾ ಫೀಸು ಕಟ್ಟುತ್ತಾಳೆ, ಅಪ್ಪನಿಗೆ ಡಯಾಲಿಸಿಸ್ ಮಾಡಿಸುತ್ತಾಳೆ. ಮೂರು ನೈಟ್ ನಿಯಮ ಎಲ್ಲರಿಗೂ ಅಂತ ಮಾಡಿದೆವು. ತಾಯಂದಿರಿಗೆ ಮಾತ್ರ ಕೊಡುವ ರಿಯಾಯಿತಿ ಪಕ್ಕದವರ ಬೆನ್ನ ಮೇಲೆ ಬೀಳುತ್ತದೆ. ಆಮೇಲೆ ಆ ತಾಯಂದಿರು ತಲೆ ತಗ್ಗಿಸಿಕೊಂಡೇ ಕೆಲಸ ಮಾಡಬೇಕಾಗುತ್ತದೆ.

ಜನ ಕಡಿಮೆ ಇರುವ ಕಷ್ಟ ಇದರಿಂದ ತೀರಲಿಲ್ಲ. ಜನರಲ್ ವಾರ್ಡಿನಲ್ಲಿ ಆರು ರೋಗಿಗೆ ಒಬ್ಬ ನರ್ಸ್ ಅನ್ನುವುದು ಅಳತೆ. ನಮ್ಮ 24 ಬೆಡ್‌ಗೆ ರಾತ್ರಿ ಇರುವುದು ಇಬ್ಬರು. ಸಂಬಳವೂ ಹಾಗೇ. ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದ ಮೇಲೆ ಕೇಂದ್ರದ ಸಮಿತಿ ಒಂದು ಶಿಫಾರಸು ಕೊಟ್ಟಿತ್ತು. ನೂರಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ಸಂಬಳ ಸರ್ಕಾರಿ ಸಂಬಳಕ್ಕಿಂತ ಶೇ 10ಕ್ಕಿಂತ ಜಾಸ್ತಿ ಕಡಿಮೆ ಇರಬಾರದು ಅಂತ. ಆ ಅಂತರ ಇಲ್ಲಿ ಅದಕ್ಕಿಂತ ಎಷ್ಟೋ ದೊಡ್ಡದು. ಭಾನುವಾರದ ಎಕ್ಸ್‌ಟ್ರಾ ಡ್ಯೂಟಿಯನ್ನು ಈ ಸಿಸ್ಟರ್ ಒಪ್ಪಿಕೊಳ್ಳುತ್ತಿದ್ದುದು ಅದಕ್ಕೇ.

ನಂಜನಗೂಡಿನ ಮನೆ

ಒಂದು ಭಾನುವಾರ ಅವರ ಮನೆಗೆ ಹೋದೆ. ಇನ್‌ಚಾರ್ಜ್ ಮನೆಗೆ ಬರುವುದು ವಾಡಿಕೆಯಲ್ಲ, ಅವರಿಗೆ ಮುಜುಗರವಾಯಿತು. ಆದರೆ ಚಾರ್ಟ್ ಅನ್ನು ಮನೆಯವರೂ ನೋಡಬೇಕು ಅಂತ ನನಗೆ ಅನ್ನಿಸಿತ್ತು. ಅತ್ತೆ ಕಾಫಿ ಕೊಟ್ಟು, ಮಂಡಿ ನೀವಿಕೊಳ್ಳುತ್ತಾ ಎದುರು ಕೂತರು. "ನಾನೇನು ಅವಳಿಗೆ ಮಲಗಬೇಡ ಅಂದಿದೀನಾ ಮೇಡಂ? ಅಮ್ಮ ಮನೇಲಿದ್ದಾಳೆ ಅಂತ ಗೊತ್ತಾದ್ರೆ ಕೂಸು ಬಾಗ್ಲು ಬಡಿಯುತ್ತೆ. ಇವಳು ತಡೀಲಾರದೆ ಎದ್ದು ಬರ್ತಾಳೆ." ಅವರು ಹೇಳಿದ್ದು ನಿಜ. ಆ ಮನೆಯಲ್ಲಿ ಯಾರೂ ಕೆಟ್ಟವರಲ್ಲ.

ಚಾರ್ಟ್ ತೋರಿಸಿದೆ. ಗಂಡ ಅದನ್ನು ತುಂಬ ಹೊತ್ತು ನೋಡಿದರು. ಫ್ಯಾಕ್ಟರಿಯಲ್ಲಿ ಲಾಗ್ ಶೀಟ್ ಬರೆಯುವವರು, ಅಂಕಿ ಅವರಿಗೆ ಬೇಗ ಅರ್ಥವಾಗುತ್ತದೆ. "ಮೂರು ಗಂಟೆ ಅಂತ ಗೊತ್ತಿರ್ಲಿಲ್ಲ. ನಾನು ಎದ್ದಾಗ ಇವಳು ಮಲಗಿರ್ತಾಳೆ, ಬಂದಾಗ ಡ್ಯೂಟಿಗೆ ಹೋಗಿರ್ತಾಳೆ" ಅಂದರು. 2024ರ ಕೇಂದ್ರ ಸರ್ಕಾರದ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ, ಮಾಡುವ ಗಂಡಸರು 88 ನಿಮಿಷ ಅದಕ್ಕೆ ಕೊಡುತ್ತಾರೆ ಅಂತ ಬಂದಿದೆ. ಅಲ್ಲಿ ಅದನ್ನು ಹೇಳಬೇಕು ಅಂತಿದ್ದೆ. ಅವರ ಮುಖ ನೋಡಿ ಹೇಳಲಿಲ್ಲ. ಅಗತ್ಯವೂ ಇರಲಿಲ್ಲ.

ಅಲ್ಲೇ ಕೂತು ತೀರ್ಮಾನವಾಗಿದ್ದು ಇಷ್ಟು. ನೈಟ್ ಇರುವ ದಿನ ಬೆಳಿಗ್ಗೆ ಅನ್ನ, ಸಾರು ಗಂಡ ಮಾಡಬೇಕು. ಸಿಸ್ಟರ್ ಬಂದು, ಸ್ನಾನ ಮಾಡಿ, ಮಗುವಿಗೆ ಹಾಲು ಕೊಟ್ಟು ಹತ್ತೂವರೆಗೆ ಮಲಗಬೇಕು. ಆಮೇಲೆ ಗಂಡ ಮಗುವನ್ನು ಎತ್ತಿಕೊಂಡು ಮನೆಯಿಂದ ಹೊರಗೆ ಹೋಗಬೇಕು. ಕಪಿಲಾ ಹೊಳೆ ಕಡೆಯೋ, ದೇವಸ್ಥಾನದ ಕಡೆಯೋ, ಅವರ ಅಕ್ಕನ ಮನೆಗೋ. ಬಾಗಿಲು ಬಡಿಯುವ ಕೈ ಮನೆಯಲ್ಲಿ ಇರಬಾರದು, ಅಷ್ಟೇ. ಒಂದೂವರೆ ಮೇಲೆ ಅತ್ತೆ ಮತ್ತು ಎದುರು ಮನೆಯ ಕಾಲೇಜು ಹುಡುಗಿ. ಪೂರ್ವಕ್ಕಿದ್ದ ಕಿಟಕಿಗೆ ಕಪ್ಪು ಬಟ್ಟೆ. ಶಾಲೆಯ ವಾಟ್ಸ್ಯಾಪ್ ಗ್ರೂಪಿನಲ್ಲಿ ಇನ್ನು ಮುಂದೆ ಅಪ್ಪನ ನಂಬರ್.

ಕೊನೆಯದು ಸಣ್ಣದು ಅನ್ನಿಸಬಹುದು. ಆ ವಾರದ ಫೋನ್ ನೋಡಿದ್ದೆನಲ್ಲ, ಹಗಲು ಹೊತ್ತಿನಲ್ಲಿ ಅತಿ ಹೆಚ್ಚು ಸಲ ಶಬ್ದ ಮಾಡಿದ್ದು ಅದೇ ಗ್ರೂಪ್.

ಹಾಲಿನ ವಿಷಯದಲ್ಲಿ ಕಾನೂನು ನೆರವಿಗೆ ಬಂತು. ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕು ಅಂತ 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಕಾಲದಿಂದಲೂ ನಿಯಮ ಇದೆ. ನಮ್ಮಲ್ಲಿ ಯಾರೂ ಕೇಳಿರಲಿಲ್ಲ, ಯಾರೂ ಕೊಟ್ಟಿರಲಿಲ್ಲ. ಎದೆ ಕಟ್ಟಿಕೊಂಡು ಯೂನಿಫಾರ್ಮ್ ಒದ್ದೆಯಾದರೆ ಸ್ವೆಟರ್ ಹಾಕಿಕೊಂಡು ಮುಚ್ಚಿಕೊಳ್ಳುತ್ತಿದ್ದರು. ಈಗ ಆ ಬಿಡುವಿನಲ್ಲಿ ಹಾಲು ಹಿಂಡಿ, ಪ್ಯಾಂಟ್ರಿ ಫ್ರಿಜ್ಜಿನಲ್ಲಿ ಹೆಸರು, ಹೊತ್ತು ಬರೆದು ಇಡುತ್ತಾರೆ. ಬೆಳಿಗ್ಗೆ ಐಸ್ ಪ್ಯಾಕ್ ಹಾಕಿದ ಚೀಲದಲ್ಲಿ ಬಸ್ಸಿಗೆ. ಫ್ರಿಜ್ಜಿನಲ್ಲಿ ನಾಲ್ಕು ದಿನ ಇಡಬಹುದು. ಹೊರಗೆ ತಂಪಾದ ಜಾಗದಲ್ಲಿ ನಾಲ್ಕು ಗಂಟೆ, ಮೈಸೂರಿನ ಏಪ್ರಿಲ್ ಬಿಸಿಲಿಗೆ ಅಷ್ಟೂ ನಂಬುವಂತಿಲ್ಲ.

ಐವತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಲೇಬೇಕು ಅಂತ ಆ ಕಾಯ್ದೆಯ 2017ರ ತಿದ್ದುಪಡಿಯಿಂದಲೂ ನಿಯಮ ಇದೆ. ಅದಕ್ಕೆ ಹನ್ನೊಂದು ಜನ ಸಹಿ ಹಾಕಿ ಅರ್ಜಿ ಕೊಟ್ಟಿದ್ದೇವೆ. ಫಿಸಿಯೋಥೆರಪಿ ಪಕ್ಕದ ಒಂದು ರೂಮು ಅಳತೆ ಮಾಡಿಕೊಂಡು ಹೋಗಿದ್ದಾರೆ. ಇನ್ನೂ ತೆರೆದಿಲ್ಲ. ಮತ್ತೆ ಕೇಳುತ್ತೇವೆ.

ಮೂರು ತಿಂಗಳ ನಂತರ

ನೈಟ್ ದಿನಗಳ ನಿದ್ದೆ ಈಗ ಐದೂವರೆ ಗಂಟೆ ಹತ್ತಿರ ಇದೆ. ಹಿಮೋಗ್ಲೋಬಿನ್ 11.4. ಕೆಲಸ ಬಿಡುವ ಮಾತು ಎರಡನೇ ತಿಂಗಳಿನಿಂದ ಬಂದಿಲ್ಲ. ಮೊದಲ ಎರಡು ವಾರ ಅವರಿಗೆ ನಿದ್ದೆಯೇ ಹತ್ತಲಿಲ್ಲ. ಪಾತ್ರೆ ಸದ್ದು ಕೇಳಿದರೆ ಎದ್ದು ಕೂರುತ್ತಿದ್ದರು. "ಅತ್ತೆ ಮಂಡಿ ನೋವಲ್ಲಿ ಓಡಾಡ್ತಾ ಇರ್ತಾರೆ, ನಾನು ಮಲಗಿರೋದು ಸರೀನಾ?" ಅಂತ ನನ್ನನ್ನೇ ಕೇಳಿದರು. ನಾನು ಏನೂ ದೊಡ್ಡ ಮಾತು ಹೇಳಲಿಲ್ಲ. ಕೆಂಪು ಕ್ಯಾಪಿನ ಸಿರಿಂಜ್ ನೆನಪಿದೆಯಲ್ವಾ ಅಂದೆ.

ಹಿಂದೆ ಜಾರಿದ ವಾರಗಳೂ ಇವೆ. ನಮ್ಮಿಬ್ಬರು ಸಿಸ್ಟರ್‌ಗಳು ಗಲ್ಫ್‌ಗೆ ಹೋದ ತಿಂಗಳು, ನಾಲ್ಕು ನೈಟ್ ಹಾಕಬೇಕಾಯಿತು. ಆ ತಿಂಗಳು ಅವರ ಮಾತು ಮತ್ತೆ ಕಡಿಮೆಯಾಯಿತು. ಅದನ್ನು ಈಗ ನಾನು ಗುರುತು ಹಿಡಿಯುತ್ತೇನೆ. ಜ್ವರ ಏರುವ ಮುಂಚೆ ಮೈ ಬಿಸಿಯಾಗುತ್ತದಲ್ಲ, ಹಾಗೆ. ಅತ್ತೆಯ ಮಂಡಿ ಆಪರೇಷನ್ ಬಾಕಿ ಇದೆ. ಆಗ ಆರು ವಾರ ಏನು ಮಾಡುವುದು ಅಂತ ಈಗಲೇ ಇಬ್ಬರೂ ಕೂತು ಬರೆದಿಟ್ಟಿದ್ದೇವೆ.

ಹೋದ ವಾರದ ಅವರ ಚಾರ್ಟ್ ನನ್ನ ಡ್ರಾಯರಿನಲ್ಲಿದೆ. ನೀರು 1400 ಮಿ.ಲೀ. ಮೂತ್ರ ಮೂರು ಸಲ. ಊಟ ಕೂತುಕೊಂಡು, 25 ನಿಮಿಷ. 3.10ರ ಮುಂದೆ "ಮಲಗಿದೆ" ಅಂತ ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ. ಮುಂದಿನ ತಿಂಗಳ ಲಿಸ್ಟ್ ಬರೆಯಲು ಕೂತಿದ್ದೇನೆ. ಅವರ ಯಜಮಾನರ ಶಿಫ್ಟ್ ಚೀಟಿಯ ಫೋಟೋ ವಾಟ್ಸ್ಯಾಪ್‌ನಲ್ಲಿ ಬಂದಿದೆ. 9ರಿಂದ 14ರವರೆಗೆ ಬಿ ಶಿಫ್ಟ್. ನೈಟ್ 10, 11, 12 ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದೇನೆ.